ಈ ಸ್ವೆಶ್ನಿಕೋವ್ ಯಾರು? ಹನ್ನೆರಡು ವರ್ಷದ ಹುಡುಗನಿಗೆ ಅವರ ಸಿಸಿಲಿಯನ್ ಬೇಕಾ?

ಅಂಬಲಪಾಡಿ ಅಪ್ಪ:
ಎಲ್ಲರಿಗೂ ನಮಸ್ಕಾರ. ನಾನು ಚೆಸ್ ಆಟಗಾರ ಅಲ್ಲ, ಟೂರ್ನಮೆಂಟ್ ಹಾಲ್‌ನ ಹೊರಗೆ ನೀರಿನ ಬಾಟಲಿ ಹಿಡಿದು ಕೂರುವ ಪೈಕಿ. ಮಗನಿಗೆ ಹನ್ನೆರಡು ವರ್ಷ. ಕಪ್ಪು ಬಂದಾಗ ಇಷ್ಟರವರೆಗೆ ಬಿಳಿಯ ಇ4ಗೆ ಇ5 (ಬೋರ್ಡಿನ ಮನೆಗಳ ಹೆಸರು ಇವು) ಅಂತ ಆಡುತ್ತಿದ್ದ. ಈಗ ಕೋಚ್ ಸಿಸಿಲಿಯನ್ ಶುರು ಮಾಡಿಸಿದ್ದಾರೆ, ಅಂದರೆ ಇ4ಗೆ ಸಿ5, ಅದರಲ್ಲೂ ಸ್ವೆಶ್ನಿಕೋವ್ ಅಂತೆ. ಮಗ ಬೋರ್ಡ್ ಮೇಲೆ ಇಟ್ಟು ತೋರಿಸಿದ. ನನ್ನ ಅರ್ಧಂಬರ್ಧ ತಿಳಿವಳಿಕೆಗೂ ಅದು ವಿಚಿತ್ರ ಕಂಡಿತು. ಒಂದು ಪಾನ್ (ಕಾಲಾಳು) ಹಿಂದೆ ಉಳಿದು ಒಂಟಿಯಾಗಿದೆ. ರಾಜನ ಕಡೆ ಪಾನ್‌ಗಳು ಒಂದರ ಹಿಂದೆ ಒಂದು. ಕೇಳಿದರೆ "ಹಾಗೇ ಆಡುವುದು ಪಪ್ಪಾ" ಅನ್ನುತ್ತಾನೆ.

ಈ ಸ್ವೆಶ್ನಿಕೋವ್ ಯಾರು ಮಾರಾಯ್ರೆ? ವಿಶ್ವ ಚಾಂಪಿಯನ್‌ಗಳ ಸಾಲಿನಲ್ಲಂತೂ ಹೆಸರಿಲ್ಲ. ಮತ್ತೆ ಈ ವಯಸ್ಸಿಗೆ ಇದು ಬೇಕಾ?

ಕುಂದಾಪ್ರದವ:
ಬೇಡ. ಮೊದಲು ಎಂಡ್‌ಗೇಮ್, ಅಂದರೆ ಕೆಲವೇ ಕಾಯಿ ಉಳಿದ ಮೇಲಿನ ಆಟ, ಕಲಿಸಿ. ಈಗಿನ ಮಕ್ಕಳಿಗೆ ಇಪ್ಪತ್ತು ನಡೆ ಬಾಯಿಪಾಠ, ಆನೆ ಮತ್ತು ಒಂದು ಪಾನ್ ಇಟ್ಟುಕೊಂಡು ಗೆಲ್ಲಲು ಬರುವುದಿಲ್ಲ.

ಸುರತ್ಕಲ್ ಸಿಸಿಲಿಯನ್:
ಕುಂದಾಪ್ರದವರು ಯಾವ ಪ್ರಶ್ನೆ ಕೇಳಿದರೂ ಎಂಡ್‌ಗೇಮ್ ಅನ್ನುತ್ತಾರೆ 😄 ಅಂಕಲ್, ಕಾರ್ಲ್‌ಸನ್ ವಿಶ್ವ ಪಟ್ಟ ಉಳಿಸಿಕೊಂಡ ಓಪನಿಂಗ್ (ಆಟದ ಮೊದಲ ನಡೆಗಳ ಕ್ರಮ) ಅದು. ಧೈರ್ಯವಾಗಿ ಆಡಿಸಿ.

ಕದ್ರಿ ಕುದುರೆ:
ಯಾರು ಅಂತ ಕೇಳಿದಿರಲ್ಲ, ಸ್ವಲ್ಪ ಉದ್ದ ಬರೆಯುತ್ತೇನೆ. ನನಗೆ ಇಷ್ಟದ ವಿಷಯ.

ಎವ್ಗೆನಿ ಸ್ವೆಶ್ನಿಕೋವ್ ಹುಟ್ಟಿದ್ದು 1950ರ ಫೆಬ್ರವರಿ 11ರಂದು, ರಷ್ಯಾದ ಉರಲ್ ಸೀಮೆಯ ಚೆಲ್ಯಾಬಿನ್ಸ್ಕ್‌ನಲ್ಲಿ. 2013ರಲ್ಲಿ ಆಕಾಶದಲ್ಲಿ ಉಲ್ಕೆ ಸಿಡಿದು ಕಿಟಕಿ ಗಾಜೆಲ್ಲ ಪುಡಿಯಾಯಿತಲ್ಲ, ಅದೇ ಊರು. ಕಾರ್ಖಾನೆಗಳ ಊರು, ಮಾಸ್ಕೋದಿಂದ ಬಹಳ ದೂರ. ಓದಿದ್ದು ಇಂಜಿನಿಯರಿಂಗ್. ಆ ದೂರದಿಂದ ಅವರಿಗೆ ಲಾಭವೇ ಆಯಿತು ಅಂತ ನನ್ನ ಅನಿಸಿಕೆ. ದೊಡ್ಡವರು ಬೇಡ ಅಂದದ್ದನ್ನು ಅಲ್ಲಿ ಕೂತು ಬೇಕಾದಷ್ಟು ಸಲ ಆಡಿ ನೋಡಬಹುದಿತ್ತು.

ಏನು ಬೇಡ ಅಂದಿದ್ದರು? 1.ಇ4 ಸಿ5 2.ಕುದುರೆ ಎಫ್3, ಕುದುರೆ ಸಿ6 3.ಡಿ4, ಹೊಡೆತ 4.ಕುದುರೆ ಹೊಡೆತ, ಕುದುರೆ ಎಫ್6 5.ಕುದುರೆ ಸಿ3. ಇಲ್ಲಿಯವರೆಗೆ ಎಲ್ಲರೂ ಆಡುವುದೇ. ಈಗ ಕಪ್ಪು 5...ಇ5 ಅಂತ ಪಾನ್ ನೂಕುತ್ತದೆ. ಬಿಳಿ ಕುದುರೆ ಬಿ5ಗೆ ಹಾರುತ್ತದೆ, ಕಪ್ಪು ಡಿ6. ಈಗ ಡಿ5 ಮನೆ ನೋಡಿ. ಕಪ್ಪಿನ ಸಿ ಪಾನ್ ಹೋಗಿದೆ, ಇ ಪಾನ್ ಮುಂದೆ ದಾಟಿದೆ. ಆ ಮನೆಯನ್ನು ಕಾಯಲು ಇನ್ನು ಯಾವ ಪಾನ್‌ಗೂ ಸಾಧ್ಯವಿಲ್ಲ. ಡಿ6ರ ಪಾನ್ ಹಿಂದೆಯೇ ಸಿಕ್ಕಿಬಿದ್ದಿದೆ. ಆ ಕಾಲದ ಯಾವ ಪುಸ್ತಕ ಓದಿದವರೂ ಇದನ್ನು ತಪ್ಪು ಅನ್ನುತ್ತಿದ್ದರು. ಅಂಬಲಪಾಡಿಯವರಿಗೆ ವಿಚಿತ್ರ ಕಂಡದ್ದೂ ಇದೇ, ಹಾಗಾಗಿ ನಿಮ್ಮ ಕಣ್ಣು ಸರಿಯಾಗಿಯೇ ಉಂಟು.

5...ಇ5 ಹೊಸದೇನಲ್ಲ. ಲಾಸ್ಕರ್ 1910ರಲ್ಲಿ ಶ್ಲೆಕ್ಟರ್ ಎದುರಿನ ವಿಶ್ವ ಪಟ್ಟದ ಪಂದ್ಯದಲ್ಲಿ ಆಡಿದ್ದರು. ಆಮೇಲೆ ಅರ್ಜೆಂಟೀನಾದಲ್ಲಿ ನೆಲೆಸಿದ್ದ ಪೆಲಿಕಾನ್ ಅನ್ನುವವರು 1950ರ ದಶಕದಲ್ಲಿ ಆಡಿದರು. ಅದಕ್ಕೇ ಹಳಬರು ಲಾಸ್ಕರ್-ಪೆಲಿಕಾನ್ ಅನ್ನುವುದು. ಆದರೆ ಅವರ ಕಾಲಕ್ಕೆ ಇದೊಂದು ಆಗೊಮ್ಮೆ ಈಗೊಮ್ಮೆ ಆಡುವ ಆಟ, ಅಷ್ಟೇ.

ಚೆಲ್ಯಾಬಿನ್ಸ್ಕ್‌ನ ಹುಡುಗರು ಮಾಡಿದ್ದು ಬೇರೆ. ಸ್ವೆಶ್ನಿಕೋವ್ ಮತ್ತು ಅದೇ ಊರಿನ ತಿಮೋಶ್ಚೆಂಕೊ ಸೇರಿ 7.ಬಿಷಪ್ ಜಿ5, ಎ6 8.ಕುದುರೆ ಎ3 ಆದ ಮೇಲೆ 8...ಬಿ5 ಅನ್ನುವ ನಡೆಯ ಮೇಲೆ ಇಡೀ ಕಟ್ಟಡ ಕಟ್ಟಿದರು. ಬಿಳಿಯ ಒಂದು ಕುದುರೆ ಈಗ ಬೋರ್ಡಿನ ಅಂಚಿನಲ್ಲಿ ಎ3ರಲ್ಲಿದೆ. ಸಿ4ಗೆ ಬರೋಣ ಅಂದರೆ ಬಿ5 ಪಾನ್ ಅಡ್ಡ. ಸುಮ್ನೆ ಕೂತರೆ ಪಾನ್ ಬಿ4ಗೆ ಬಂದು ಎರಡು ಕುದುರೆಗಳನ್ನೂ ಒಟ್ಟಿಗೆ ಹಿಡಿಯುತ್ತದೆ. ಆಗ ಬಿಳಿ ಎಫ್6ರ ಕುದುರೆಯನ್ನು ಬಿಷಪ್‌ನಿಂದ ಹೊಡೆದು ಕಪ್ಪಿನ ಪಾನ್ ಸಾಲು ಒಡೆಯುತ್ತದೆ, ಇನ್ನೊಂದು ಕುದುರೆಯನ್ನು ಡಿ5ರಲ್ಲಿ ಪ್ರತಿಷ್ಠಾಪಿಸುತ್ತದೆ. ಕಪ್ಪು 10...ಎಫ್5. ನೋಡಲು ಎಲ್ಲ ಹಾಳಾದ ಹಾಗೆ ಕಾಣುತ್ತದೆ. ಆದರೆ ಕಪ್ಪಿಗೆ ಎರಡೂ ಬಿಷಪ್ ಉಂಟು, ಮಧ್ಯದಲ್ಲಿ ತಳ್ಳಲು ಪಾನ್ ಉಂಟು, ಮತ್ತು ಬಿಳಿಯ ಎ3 ಕುದುರೆ ವಾಪಸ್ ಆಟಕ್ಕೆ ಬರಲು ಮೂರ್ನಾಲ್ಕು ನಡೆ ಬೇಕು. ರಷ್ಯನ್ನರು ಇದನ್ನು ಇವತ್ತಿಗೂ ಚೆಲ್ಯಾಬಿನ್ಸ್ಕ್ ವೇರಿಯೇಶನ್ ಅನ್ನುತ್ತಾರೆ.

1973ರ ಸೋವಿಯತ್ ಚಾಂಪಿಯನ್‌ಶಿಪ್‌ನಲ್ಲಿ ಇವರೂ ಆಡಿದ್ದರು. ಸ್ಪಾಸ್ಕಿ, ಕಾರ್ಪೋವ್, ಕೋರ್ಚ್ನೋಯ್, ಪೆಟ್ರೋಸಿಯನ್, ತಾಲ್, ಸ್ಮಿಸ್ಲೋವ್, ಕೆರೆಸ್, ಎಲ್ಲರೂ ಒಂದೇ ಹಾಲ್‌ನಲ್ಲಿ. ಸ್ಪಾಸ್ಕಿ ಗೆದ್ದರು. ಅಂಥ ದೇಶದಲ್ಲಿ ಒಬ್ಬ ಆಟಗಾರ ಎದ್ದು ಕಾಣುವುದೇ ಕಷ್ಟ. 1977ರಲ್ಲಿ ಗ್ರ್ಯಾಂಡ್‌ಮಾಸ್ಟರ್ ಆದರು. 1984-85ರ ಹೇಸ್ಟಿಂಗ್ಸ್ ಟೂರ್ನಿ ಗೆದ್ದರು. ವಿಶ್ವ ಪಟ್ಟದ ಹತ್ತಿರಕ್ಕೆ ಬರಲಿಲ್ಲ. ಸೋವಿಯತ್ ಒಡೆದ ಮೇಲೆ ಲಾಟ್ವಿಯಾಕ್ಕೆ ಹೋಗಿ ಅಲ್ಲಿಯ ಚಾಂಪಿಯನ್ ಆದರು, ಒಲಿಂಪಿಯಾಡ್‌ಗಳಲ್ಲಿ ಆ ದೇಶಕ್ಕೆ ಆಡಿದರು.

ಟ್ರೋಫಿ ಲೆಕ್ಕದಲ್ಲಿ ಇಷ್ಟೇ. ಆದರೆ ಒಂದು ವಿಷಯದಲ್ಲಿ ಅವರ ಹಾಗೆ ಇನ್ನೊಬ್ಬರು ಸಿಗುವುದು ಕಡಿಮೆ. ಎದುರಾಳಿ ಯಾರೇ ಇರಲಿ, ಆಡುವುದು ಅದೇ ಓಪನಿಂಗ್. ಎದುರಿನವನು ಮನೆಯಿಂದ ತಯಾರಾಗಿ ಬಂದಿರುತ್ತಾನೆ ಅಂತ ಗೊತ್ತಿದ್ದೂ ಅದೇ. ಅದರ ಬಗ್ಗೆ ಪುಸ್ತಕವನ್ನೂ ಬರೆದು ಎಲ್ಲರ ಕೈಗೆ ಕೊಟ್ಟರು.

ಅಂಬಲಪಾಡಿ ಅಪ್ಪ:
ಇಷ್ಟು ಬರೆದದ್ದಕ್ಕೆ ತುಂಬ ಥ್ಯಾಂಕ್ಸ್ ಸರ್. ಬೋರ್ಡ್ ಇಟ್ಟುಕೊಂಡು ಓದಿದೆ. ಬಿ4 ಬಂದರೆ ಎರಡು ಕುದುರೆ ಒಟ್ಟಿಗೆ ಸಿಗುತ್ತವೆ ಅಂತ ಮಗನಿಗೆ ಹೇಳಿದೆ, "ಅದು ನನಗೆ ಗೊತ್ತುಂಟು" ಅಂದ.

ಸುರತ್ಕಲ್ ಸಿಸಿಲಿಯನ್:
ಕದ್ರಿ ಸರ್ ಹಳೆಯ ಕಥೆ ಹೇಳಿದ್ದಾರೆ, ನಾನು ಹೊಸದು ಹೇಳುತ್ತೇನೆ.

1990ರ ದಶಕದಲ್ಲಿ ಕ್ರಾಮ್ನಿಕ್, ಆಮೇಲೆ ಲೆಕೊ, ರಾಡ್ಜಾಬೊವ್, ಇವರೆಲ್ಲ ಇದನ್ನು ಆಡಿ ದೊಡ್ಡ ಮಟ್ಟಕ್ಕೆ ತಂದರು. 2012ರಲ್ಲಿ ಮಾಸ್ಕೋದ ವಿಶ್ವ ಪಟ್ಟದ ಪಂದ್ಯದಲ್ಲಿ ನಮ್ಮ ಆನಂದ್ ಎದುರು ಗೆಲ್‌ಫಾಂಡ್ ಐದನೇ ಆಟದಲ್ಲಿ ಇದನ್ನೇ ತೆಗೆದರು, ಡ್ರಾ ಆಯಿತು. ಆಮೇಲೆ 10 ಮತ್ತು 12ನೇ ಆಟದಲ್ಲಿ ಆನಂದ್ ಏನು ಮಾಡಿದರು ಗೊತ್ತಾ? 3.ಡಿ4 ಬಿಟ್ಟು 3.ಬಿಷಪ್ ಬಿ5 ಆಡಿದರು. ಆನಂದ್‌ರಂಥವರೇ ಬೇರೆ ದಾರಿ ಹಿಡಿಯುತ್ತಾರೆ ಅಂದರೆ ಅದಕ್ಕಿಂತ ಸರ್ಟಿಫಿಕೇಟ್ ಬೇಕಾ?

ಕಾರ್ಲ್‌ಸನ್ ಪಟ್ಟ ಉಳಿಸಿಕೊಂಡ 2018ರ ಲಂಡನ್ ಪಂದ್ಯ ಇನ್ನೂ ಮಜಾ. ಎದುರಾಳಿ ಕರುವಾನಾ 1, 3, 5ನೇ ಆಟದಲ್ಲಿ ಬಿಷಪ್ ಬಿ5 ಆಡಿ ನೋಡಿದ. ಆಗಲಿಲ್ಲ. 8, 10, 12ನೇ ಆಟದಲ್ಲಿ ನೇರ ಸ್ವೆಶ್ನಿಕೋವ್‌ಗೆ ಇಳಿದ. ಆದರೆ 7.ಬಿಷಪ್ ಜಿ5 ಅಲ್ಲ, 7.ಕುದುರೆ ಡಿ5. ಕುದುರೆಗಳು ಹೊಡೆದಾಡಿದ ಮೇಲೆ ಬಿಳಿಯ ಇ ಪಾನ್ ಡಿ5ಗೆ ಬಂದು ಕೂರುತ್ತದೆ. ಅಂದರೆ ಆ ಪ್ರಸಿದ್ಧ ತೂತಿಗೆ ಬಿಳಿಯೇ ತನ್ನ ಪಾನ್ ತುಂಬಿಸಿತು! ಅಲ್ಲಿಂದ ಬಿಳಿಗೆ ಕ್ವೀನ್ ಕಡೆ ಪಾನ್ ಜಾಸ್ತಿ, ಕಪ್ಪಿಗೆ ರಾಜನ ಕಡೆ ಜಾಸ್ತಿ, ಯಾರು ಮೊದಲು ಮುಟ್ಟುತ್ತಾರೆ ಅನ್ನುವುದೇ ಆಟ. ಹನ್ನೆರಡೂ ಆಟ ಡ್ರಾ, ಹಾಗಾಗಿ ಕಡಿಮೆ ಸಮಯದ ಟೈಬ್ರೇಕ್ ಆಟಗಳು. ಟೈಬ್ರೇಕ್‌ನ ಎರಡನೇ ರ‍್ಯಾಪಿಡ್‌ನಲ್ಲಿ ಮತ್ತೆ ಅದೇ ಲೈನ್, ಕಪ್ಪಿನಲ್ಲಿ ಕಾರ್ಲ್‌ಸನ್ 28 ನಡೆಯಲ್ಲಿ ಮುಗಿಸಿದ. ಟೈಬ್ರೇಕ್ 3-0.

ಈಗಿನ ಚೆಸ್ ಸಾಫ್ಟ್‌ವೇರ್ ಇಂಜಿನ್‌ಗೆ ಹಾಕಿ ನೋಡಿ, ಕಪ್ಪು ಸರಾಗವಾಗಿ ಹಿಡಿದುಕೊಳ್ಳುತ್ತದೆ. ಕಂಪ್ಯೂಟರ್ ಇಲ್ಲದೆ ಉರಲ್ ಚಳಿಯಲ್ಲಿ ಕೂತು ಕಂಡುಹಿಡಿದದ್ದು ಅಂದರೆ ಮೈ ಜುಂ ಅನ್ನುತ್ತದೆ.

ಕುಂದಾಪ್ರದವ:
ಕಾರ್ಲ್‌ಸನ್ ಆಡಿದ ಅಂತ ಅಂಬಲಪಾಡಿಯ ಹುಡುಗ ಆಡಬೇಕಾ? ಕಾರ್ಲ್‌ಸನ್‌ಗೆ ಎಂಡ್‌ಗೇಮ್ ಬರುತ್ತದೆ.

ತಾಳಮದ್ದಳೆ ಮಗಳು:
ನಾನು ಚೆಸ್‌ನಲ್ಲಿ ಸಾಧಾರಣ. ಕಾಲೇಜು ಟೀಮ್‌ನಲ್ಲಿ ನಾಲ್ಕನೇ ಬೋರ್ಡ್ ಆಡಿದವಳು. ಕದ್ರಿಯವರು ಕೊನೆಗೆ ಬರೆದದ್ದರ ಬಗ್ಗೆ ಒಂದು ಮಾತು.

ನನ್ನ ಅಜ್ಜ ತಾಳಮದ್ದಳೆ ಅರ್ಥಧಾರಿ. ಪ್ರಸಂಗದ ಪದ್ಯ ಎಲ್ಲರಿಗೂ ಗೊತ್ತಿರುವುದೇ. ಕರ್ಣ ಪರ್ವ ಅಂದರೆ ಶಲ್ಯ ಎಲ್ಲಿ ಚುಚ್ಚುತ್ತಾನೆ, ಕರ್ಣ ಎಲ್ಲಿ ನೋಯುತ್ತಾನೆ ಅಂತ ಎದುರು ಕೂತ ಅರ್ಥಧಾರಿಗೂ ಗೊತ್ತು, ಕೇಳುವವರಿಗೂ ಗೊತ್ತು. ಗುಟ್ಟು ಅನ್ನುವುದು ಇಲ್ಲವೇ ಇಲ್ಲ. ಆದರೂ ಒಂದೇ ಪಾತ್ರವನ್ನು ಮೂವತ್ತು ವರ್ಷ ಹೇಳಿದವರ ಎದುರು ಮೊನ್ನೆ ಓದಿಕೊಂಡು ಬಂದವರು ನಿಲ್ಲುವುದು ಕಷ್ಟ. ಎಲ್ಲಿಂದ ಪ್ರಶ್ನೆ ಬಂದರೂ ಅವರು ಆ ಜಾಗದಲ್ಲಿ ಮೊದಲೇ ನಡೆದಾಡಿದ್ದಾರೆ. ಸ್ವೆಶ್ನಿಕೋವ್ ಮಾಡಿದ್ದು ಅದೇ ಅಲ್ವಾ?

ಸುರತ್ಕಲ್ ಸಿಸಿಲಿಯನ್:
ಹೋಲಿಕೆ ಚೆಂದ ಉಂಟು ಅಕ್ಕ, ಆದರೆ ತಾಳಮದ್ದಳೆಯಲ್ಲಿ ಎದುರಿನವರ ಮನೆಯಲ್ಲಿ ಇಂಜಿನ್ ಇಲ್ಲ. ಈಗ ಒಂದೇ ಓಪನಿಂಗ್ ಆಡಿದರೆ ಯಾರಿಗೆ ಯಾರು ಎದುರು ಅನ್ನುವ ಪೇರಿಂಗ್ ಬಂದ ಹತ್ತು ನಿಮಿಷದಲ್ಲಿ ಎದುರಿನವನು ಮೊಬೈಲ್‌ನಲ್ಲಿ ನಿಮ್ಮ ಹಳೆಯ ಆಟ ತೆಗೆದು, ಎಲ್ಲಿ ಹೊಡೆಯಬೇಕು ಅಂತ ನೋಡಿಕೊಂಡು ಬರುತ್ತಾನೆ. ಅದಕ್ಕೇ ದೊಡ್ಡವರೆಲ್ಲ ಎಲ್ಲ ಓಪನಿಂಗ್ ಆಡುವುದು.

ತಾಳಮದ್ದಳೆ ಮಗಳು:
ಹನ್ನೆರಡು ವರ್ಷದವನ ಆಟ ಯಾರು ಹುಡುಕಿ ತಯಾರಾಗುತ್ತಾರೆ ತಮ್ಮಾ?

ಸುರತ್ಕಲ್ ಸಿಸಿಲಿಯನ್:
ಹುಡುಕುತ್ತಾರೆ! ಅಂಡರ್-13ರಲ್ಲಿ ಮಕ್ಕಳಲ್ಲ, ಅಪ್ಪಂದಿರು ಹುಡುಕುತ್ತಾರೆ.

ಅಂಬಲಪಾಡಿ ಅಪ್ಪ:
🙏 ನಾನು ಹುಡುಕುವವನಲ್ಲ.

ಬಿಜೈ ಬೋರ್ಡ್:
ನಾನು ಮಂಗಳೂರಿನಲ್ಲಿ ಮಕ್ಕಳಿಗೆ ಕಲಿಸುವವ. ಬೇರೆ ಕೋಚ್ ಹೇಳಿದ್ದಕ್ಕೆ ಎದುರು ಹೇಳುವ ಇರಾದೆ ಇಲ್ಲ, ಹುಡುಗನನ್ನು ನೋಡಿದವರು ಅವರು. ಆದರೆ ಇಲ್ಲಿ ಯಾರೂ ಹೇಳದ ಒಂದು ವಿಷಯ ಹೇಳುತ್ತೇನೆ.

ಸ್ವೆಶ್ನಿಕೋವ್ ಪೊಸಿಶನ್ ಬೋರ್ಡ್ ಮೇಲೆ ಬರಬೇಕಾದರೆ ಬಿಳಿಯವನು ಒಪ್ಪಬೇಕು. ಅವನು 2.ಕುದುರೆ ಎಫ್3, 3.ಡಿ4 ಆಡಿದರೆ ಮಾತ್ರ. ಜಿಲ್ಲಾ ಮಟ್ಟದಲ್ಲಿ, 1400-1500 ರೇಟಿಂಗ್‌ನಲ್ಲಿ, ಎಷ್ಟು ಮಕ್ಕಳು ಆಡುತ್ತಾರೆ? ಒಬ್ಬ 2.ಸಿ3. ಒಬ್ಬ ಬಿಷಪ್ ಸಿ4ಗೆ ಇಟ್ಟು ಎಫ್7 ಕಡೆ ನೋಡುತ್ತಾ ಕೂರುತ್ತಾನೆ. ಇನ್ನೊಬ್ಬ ಎಫ್4 ನೂಕಿ ರಾಜನ ಮೇಲೆ ಬೀಳುತ್ತಾನೆ. ಸ್ವಲ್ಪ ಓದಿದವನು 3.ಬಿಷಪ್ ಬಿ5. ನಿಮ್ಮ ಮಗ 8...ಬಿ5 ಕಲಿತು, 10...ಎಫ್5 ಕಲಿತು, ಅದರ ಮುಂದೆ ಹದಿನೈದು ನಡೆ ಕಲಿತು ಅಜ್ಜರಕಾಡಿನಲ್ಲಿ ಎರಡು ದಿನ ಆಡಿ ಬಂದರೂ ಒಮ್ಮೆಯೂ ಆ ಪೊಸಿಶನ್ ಸಿಗದೆ ಇರಬಹುದು. ನನ್ನ ಕ್ಲಾಸಿನ ಮಕ್ಕಳ ಸ್ಕೋರ್‌ಶೀಟ್ ನೋಡಿ ಹೇಳುತ್ತಿದ್ದೇನೆ.

ಅದಕ್ಕೆ ಸಿಸಿಲಿಯನ್ ಬೇಡ ಅನ್ನುತ್ತಿಲ್ಲ. ಕೋಚ್ ಹತ್ತಿರ ಹೋಗಿ, 2.ಸಿ3ಗೆ ಏನು, 3.ಬಿಷಪ್ ಬಿ5ಗೆ ಏನು ಅಂತ ಕೇಳಿ. ಅದಕ್ಕೆ ಉತ್ತರ ಉಂಟು ಅಂದರೆ ಮುಂದುವರಿಸಿ. ಸ್ವೆಶ್ನಿಕೋವ್ ಮುಖ್ಯ ಲೈನ್ ಆಮೇಲೆ ನಿಧಾನಕ್ಕೆ ಬರಲಿ.

ಕದ್ರಿ ಕುದುರೆ:
ಬಿಜೈಯವರೇ, ಇದರಲ್ಲಿ ಒಂದು ತಮಾಷೆ ಉಂಟು. 2.ಸಿ3 ಆಡುವುದರಲ್ಲಿ ಜಗತ್ತಿನಲ್ಲೇ ದೊಡ್ಡ ತಜ್ಞ ಯಾರು? ಸ್ವೆಶ್ನಿಕೋವ್! ಕಪ್ಪಿನಲ್ಲಿ ತಮ್ಮ ಸಿಸಿಲಿಯನ್, ಬಿಳಿಯಲ್ಲಿ ಬೇರೆಯವರ ಸಿಸಿಲಿಯನ್‌ಗೆ 2.ಸಿ3. ಫ್ರೆಂಚ್‌ಗೆ (ಕಪ್ಪು ಇ4ಗೆ ಇ6 ಆಡುವ ಓಪನಿಂಗ್) 3.ಇ5, ಅದೂ ವರ್ಷಗಟ್ಟಲೆ. ಮೂರರ ಬಗ್ಗೆಯೂ ಪುಸ್ತಕ ಬರೆದಿದ್ದಾರೆ. ತಮ್ಮ ಲೈನ್ ಕಪ್ಪಿಗೆ ಸಾಕಷ್ಟು ಒಳ್ಳೆಯದು ಅಂತ ನಂಬಿದ ಮನುಷ್ಯ ಬಿಳಿಯಲ್ಲಿ ಅದರ ಎದುರು ಕೂರಲು ಹೋಗಲಿಲ್ಲ, ಅಷ್ಟೇ. ಪ್ರಾಮಾಣಿಕತೆ ಅಂದರೆ ಅದು.

ಸಿ3 ಆಡುವವರನ್ನು ನಮ್ಮ ಕಡೆ ಥಿಯರಿ ಓದದ ಸೋಮಾರಿಗಳು ಅನ್ನುತ್ತಾರೆ. ಸ್ವೆಶ್ನಿಕೋವ್ ಆಡಿದ ಆಟ ನೋಡಿದರೆ ಹಾಗೆ ಹೇಳುವ ಬಾಯಿ ಬರುವುದಿಲ್ಲ. ಪೊಸಿಶನ್ ಸಪ್ಪೆ ಕಾಣುತ್ತದೆ, ಆದರೆ ಮಧ್ಯದಲ್ಲಿ ಡಿ4, ಇ5 ಪಾನ್ ಕೂತ ಮೇಲೆ ಕಪ್ಪಿಗೆ ಉಸಿರಾಡಲು ಜಾಗ ಕಡಿಮೆ.

ಮಣಿಪಾಲ ನಿವೃತ್ತ:
ನನ್ನಂಥ ವಯಸ್ಸಾದವರಿಗೆ ಇಷ್ಟವಾಗುವ ಭಾಗ ಯಾರೂ ಹೇಳಲಿಲ್ಲ. 2017ರಲ್ಲಿ ಇಟಲಿಯ ಆಕ್ವಿ ಟೆರ್ಮೆಯಲ್ಲಿ ಅವರು 65 ದಾಟಿದವರ ವಿಶ್ವ ಸೀನಿಯರ್ ಚಾಂಪಿಯನ್ ಆದರು. ಅಷ್ಟು ವಯಸ್ಸಿಗೂ ಆಡುತ್ತಿದ್ದರು. ತೀರಿಕೊಂಡದ್ದು 2021ರ ಆಗಸ್ಟ್ 18, ಮಾಸ್ಕೋದಲ್ಲಿ, 71 ವರ್ಷಕ್ಕೆ. ಕಾರ್ಲ್‌ಸನ್ ಲಂಡನ್‌ನಲ್ಲಿ ಅವರ ಲೈನ್ ಆಡಿದ್ದನ್ನು ಅವರು ಕಣ್ಣಾರೆ ಕಂಡರು, ಅದೊಂದು ಸಮಾಧಾನ.

ಅವರ ಇನ್ನೊಂದು ಹಟ ಉಂಟು. ಆಟಗಾರರು ಆಡಿದ ಗೇಮ್‌ಗಳನ್ನು ಎಲ್ಲರೂ ಪುಕ್ಕಟೆ ಪ್ರಕಟಿಸುವುದು ಸರಿಯಲ್ಲ ಅನ್ನುವುದು. ಗೇಮ್ ಅನ್ನುವುದು ಆಟಗಾರರ ದುಡಿಮೆ, ಅದರ ಹಕ್ಕು ಅವರಿಗಿರಬೇಕು, ಹಣ ಅವರಿಗೆ ಬರಬೇಕು ಅಂತ ಬಹಳ ಕಡೆ ವಾದಿಸಿದರು. ನನಗಂತೂ ಅದು ನ್ಯಾಯ ಅನಿಸುತ್ತದೆ. ಒಬ್ಬ ಹತ್ತು ವರ್ಷ ಹುಡುಕಿದ ನಡೆ ಬೋರ್ಡ್ ಮೇಲೆ ಇಟ್ಟ ಮರುಕ್ಷಣ ಜಗತ್ತಿನ ಎಲ್ಲರ ಆಸ್ತಿ. ಕಂಡುಹಿಡಿದವನಿಗೆ ಆ ಒಂದು ಪಾಯಿಂಟ್, ಅಷ್ಟೇ.

ಸುರತ್ಕಲ್ ಸಿಸಿಲಿಯನ್:
ಸರ್, ಇದನ್ನು ನಾನು ಒಪ್ಪುವುದಿಲ್ಲ. ಗೇಮ್‌ಗೆಲ್ಲ ಹಣ ಕೊಡಬೇಕು ಅಂದಿದ್ದರೆ ಸುರತ್ಕಲ್‌ನ ಹಾಸ್ಟೆಲ್ ರೂಮಿನಲ್ಲಿ ಕೂತು ನಾನು ಏನು ಕಲಿಯುತ್ತಿದ್ದೆ? ನಮ್ಮ ಕಡೆ ದೊಡ್ಡ ಕೋಚ್ ಇಟ್ಟುಕೊಳ್ಳುವ ಶಕ್ತಿ ಎಷ್ಟು ಮನೆಗಳಿಗೆ ಉಂಟು? ಫ್ರೀ ಡೇಟಾಬೇಸ್ ಬಂದದ್ದರಿಂದಲೇ ಭಾರತದ ಇಷ್ಟು ಮಕ್ಕಳು ಮೇಲೆ ಬಂದದ್ದು. ಮತ್ತೆ ಕಾನೂನೂ ಹಾಗೆ ಇಲ್ಲ. 2016ರಲ್ಲಿ ಕಾರ್ಲ್‌ಸನ್-ಕರ್ಯಾಕಿನ್ ಪಂದ್ಯದ ಹೊತ್ತಿಗೆ ಆಯೋಜಕರು ಬೇರೆ ವೆಬ್‌ಸೈಟ್‌ಗಳು ನಡೆಗಳನ್ನು ಲೈವ್ ಹಾಕದಂತೆ ತಡೆಯಲು ನ್ಯೂಯಾರ್ಕ್ ಕೋರ್ಟಿಗೆ ಹೋದರು. ತಡೆಯಾಜ್ಞೆ ಸಿಗಲಿಲ್ಲ.

ಮಣಿಪಾಲ ನಿವೃತ್ತ:
ಕಾನೂನು ಇಲ್ಲ ಅಂದ ಮಾತ್ರಕ್ಕೆ ನ್ಯಾಯ ಅಲ್ಲ ಅಂತ ಆಗುವುದಿಲ್ಲವಲ್ಲ. ಟಾಪ್ ಹತ್ತು ಜನರಿಗೆ ಹಣ ಉಂಟು. ನೂರನೇ ಸ್ಥಾನದವನಿಗೆ? ಸ್ವೆಶ್ನಿಕೋವ್ ಹೇಳಿದ್ದು ಅಂಥವರ ಪರವಾಗಿ ಅಂತ ನಾನು ಓದಿಕೊಳ್ಳುತ್ತೇನೆ.

ತಾಳಮದ್ದಳೆ ಮಗಳು:
ಅಜ್ಜನ ಅರ್ಥಗಾರಿಕೆಯೂ ರೆಕಾರ್ಡ್ ಆಗಿ ಎಲ್ಲ ಕಡೆ ಓಡಾಡುತ್ತದೆ. ಅವರ ಮಾತನ್ನು ಹಾಗೇ ಎತ್ತಿ ಹೇಳಿದವರನ್ನೂ ನೋಡಿದ್ದೇನೆ. ಅಜ್ಜನಿಗೆ ಸಿಟ್ಟು ಬಂದದ್ದು ಎತ್ತಿದ್ದಕ್ಕಲ್ಲ, ತಪ್ಪು ಪದ್ಯಕ್ಕೆ ಹೇಳಿದ್ದಕ್ಕೆ 😀 ಆದರೆ ಅಜ್ಜನಿಗೆ ಅಡಿಕೆ ತೋಟ ಇತ್ತು, ಅದರಿಂದ ಊಟ ನಡೆಯುತ್ತಿತ್ತು. ಚೆಸ್ಸನ್ನೇ ನಂಬಿದವರ ಕಥೆ ಬೇರೆ. ಮಣಿಪಾಲದವರ ಮಾತಿನಲ್ಲಿ ತೂಕ ಉಂಟು.

ಕುಂದಾಪ್ರದವ:
ಎಂಡ್‌ಗೇಮ್‌ಗೆ ಕಾಪಿರೈಟ್ ಇಲ್ಲ. ನೂರಾರು ವರ್ಷದಿಂದ ಫ್ರೀ.

ಕದ್ರಿ ಕುದುರೆ:
ಕುಂದಾಪ್ರದವರೇ, ನಿಮಗೆ ನಮಸ್ಕಾರ.

ಅಂಬಲಪಾಡಿಯವರಿಗೆ ನನ್ನ ಅಭಿಪ್ರಾಯ ಕೇಳಿದರೆ, ಹುಡುಗನೇ ಬೋರ್ಡ್ ತಂದು ನಿಮಗೆ ತೋರಿಸಿದ ಅಂದಿರಿ. ಅದು ನನಗೆ ಒಳ್ಳೆಯ ಲಕ್ಷಣ ಕಂಡಿತು. ಬಾಯಿಪಾಠ ಮಾಡಿದವನು ತೋರಿಸಲು ಬರುವುದಿಲ್ಲ. ಡಿ5ರ ತೂತು ಯಾಕೆ ಪರವಾಗಿಲ್ಲ ಅಂತ ಅವನ ಮಾತಿನಲ್ಲೇ ಹೇಳಲಿ. "ಎರಡು ಬಿಷಪ್ ಉಂಟು, ಎಫ್5 ಉಂಟು, ಎ3 ಕುದುರೆ ಹೊರಗೆ ಬಿದ್ದಿದೆ" ಅಂತ ಹೇಳಿದರೆ ಆಡಲಿ ಬಿಡಿ, ಸೋತರೂ ಅದನ್ನೇ ಆಡಲಿ, ಮುಂದಿನ ಟೂರ್ನಮೆಂಟಿಗೆ ಬದಲಾಯಿಸಬೇಡಿ. "ಸರ್ ಹೇಳಿದ್ದಾರೆ" ಅಂದರೆ ಇ5ಗೇ ವಾಪಸ್ ಹೋಗುವುದು ಒಳ್ಳೆಯದು.

ಸುರತ್ಕಲ್ ಹುಡುಗರು ಹೇಳಿದ ಹಾಗೆ ಎಲ್ಲ ಓಪನಿಂಗ್ ಆಡುವುದು 2700 ರೇಟಿಂಗ್‌ನವರ ತೊಂದರೆ. ಕರ್ನಾಟಕಕ್ಕೆ ಮೊದಲ ಗ್ರ್ಯಾಂಡ್‌ಮಾಸ್ಟರ್ ಸಿಕ್ಕಿದ್ದೇ 2017ರಲ್ಲಿ, ಮೈಸೂರಿನ ತೇಜ್‌ಕುಮಾರ್. ಕರಾವಳಿಯ ಮಕ್ಕಳಿಗೆ ಈಗ ಬೇಕಾದದ್ದು ಒಂದು ಪೊಸಿಶನ್ ಆಳವಾಗಿ ಅರ್ಥ ಮಾಡಿಕೊಳ್ಳುವ ಚಟ.

ಸುರತ್ಕಲ್ ಸಿಸಿಲಿಯನ್:
ಇದಕ್ಕೂ ನನ್ನ ಹತ್ತಿರ ಉತ್ತರ ಉಂಟು ಸರ್, ಆದರೆ ನಾಳೆ ಇಂಟರ್ನಲ್ಸ್. ಪರೀಕ್ಷೆ ಮುಗಿಸಿ ಬರುತ್ತೇನೆ.

ಕಾಪು ಅಮ್ಮ:
ನಡುವೆ ಬಂದದ್ದಕ್ಕೆ ಬೇಜಾರು ಮಾಡಬೇಡಿ. ಬಿಜೈ ಸರ್, ನನ್ನ ಮಗಳೂ ಸಿಸಿಲಿಯನ್. 2.ಸಿ3 ಬಂದ ಕೂಡಲೇ ಅವಳಿಗೆ ಕೈಕಾಲು ಆಡುವುದಿಲ್ಲ. ಯಾವಾಗಲೂ ಒಂದು ಕುದುರೆ ಕಳಕೊಂಡು ಬರುತ್ತಾಳೆ. ಸುಲಭದ ದಾರಿ ಏನಾದರೂ ಉಂಟಾ?

ಬಿಜೈ ಬೋರ್ಡ್:
ಉಂಟು ಮೇಡಂ. 2...ಕುದುರೆ ಎಫ್6. ಬಿಳಿ 3.ಇ5 ನೂಕುತ್ತದೆ, ಕುದುರೆ ಡಿ5ಗೆ. 4.ಡಿ4, ಪಾನ್ ಹೊಡೆತ. ಈಗ ತುಂಬ ಮಕ್ಕಳು ಬಿಳಿಯಲ್ಲಿ 5.ಕುದುರೆ ಎಫ್3 ಆಡುತ್ತಾರೆ, ಪಾನ್ ವಾಪಸ್ ತೆಗೆಯದೆ. ನಿಮ್ಮ ಮಗಳು ಅಲ್ಲಿ ಡಿ4 ಪಾನ್‌ನಿಂದ ಸಿ3 ಪಾನ್ ತಿನ್ನುತ್ತಾಳಾ ನೋಡಿ. ತಿಂದರೆ ಡಿ ಸಾಲು ಖಾಲಿ ಆಗುತ್ತದೆ, ಬಿಳಿ ಕ್ವೀನ್ ಡಿ1ರಿಂದ ನೇರ ಬಂದು ಡಿ5 ಕುದುರೆ ಹೊಡೆಯುತ್ತದೆ. ಪುಕ್ಕಟೆ ಕಂಡ ಪಾನ್ ಬಿಟ್ಟು 5...ಕುದುರೆ ಸಿ6 ಆಡಲಿ. 6.ಬಿಷಪ್ ಸಿ4 ಬಂದರೆ ಕುದುರೆ ಬಿ6, ಬಿಷಪ್ ಬಿ3ಗೆ ಹಿಂದೆ ಹೋದರೆ 7...ಡಿ5. ಕಪ್ಪಿಗೆ ಎಂತ ತೊಂದರೆಯೂ ಇಲ್ಲ.

ಕಾಪು ಅಮ್ಮ:
ಅಯ್ಯೋ ಸರಿಯಾಗಿ ಅದೇ! ಹಳೆಯ ಸ್ಕೋರ್‌ಶೀಟ್ ತೆಗೆದು ನೋಡಿದೆ, ಐದನೇ ನಡೆಯಲ್ಲಿ ಸಿ3 ತಿಂದಿದ್ದಾಳೆ, ಆರನೇ ನಡೆಯಲ್ಲಿ ಕುದುರೆ ಹೋಗಿದೆ. ಎರಡು ಟೂರ್ನಮೆಂಟ್‌ನಲ್ಲೂ.

ಬಿಜೈ ಬೋರ್ಡ್:
ಪಾನ್ ಕಂಡರೆ ತಿನ್ನುವ ವಯಸ್ಸು ಅದು. ಆ ಎರಡೂ ಸ್ಕೋರ್‌ಶೀಟ್‌ನ ಫೋಟೋ ಹಾಕಿ, ಆರನೇ ನಡೆಯ ನಂತರ ಏನೇನು ಆಯಿತು ಅಂತಲೂ ನೋಡುವ.